ನೀಲಿ ಕಾಗದ

ಹಂಪನಕಟ್ಟೆಯ ಅಂಗಡಿಯವ ಎರಡು ಗ್ರೈಂಡರ್ ತಂದು ಮೇಜಿಗಿಟ್ಟ.
ಒಂದಕ್ಕೆ ಗಾಜಿನ ಗೋಪುರ, ಹಸಿರು ದೀಪ, ನಲವತ್ತು ನಂಬರು.
ಇನ್ನೊಂದು ಕೈಯಲ್ಲಿ ತಿರುಗಿಸುವುದು; ನೋಡಲಿಕ್ಕೆ
ಅಜ್ಜನ ಟಾರ್ಚು, ಬೆಲೆ ಮಾತ್ರ ಮೊಮ್ಮಗನ ಫೋನಿನದು.
"ಎಸ್ಪ್ರೆಸ್ಸೊಗೆ ಯಾವುದು?" ಅಂದೆ.
"ದೀಪ ಇರುವುದು" ಅಂದ.

ಎರಡರದ್ದೂ ಮುಚ್ಚಳ ಬಿಚ್ಚಿಸಿದೆ.
ಮೂವತ್ತೊಂದು ವರ್ಷ ಬಿಜೈಯ ಓಣಿಯೊಂದರಲ್ಲಿ
ಹಲ್ಲಿನ ಸೆಟ್ಟು ಕಟ್ಟಿದವ ನಾನು;
ಬಾಯಿ ತೆರೆಸದೆ ಯಾರನ್ನೂ ನಂಬುವವನಲ್ಲ.
ದೀಪದ್ದರ ಹಲ್ಲು ಅಗಲ, ಚಂದ,
ಹಿಡಿದಲುಗಿಸಿದರೆ ಹಾಲುಹಲ್ಲಿನ ಹಾಗೆ ಆಡಿತು.
ಟಾರ್ಚಿನದು ಉಕ್ಕು, ಶಂಕುವಿನೊಳಗೊಂದು ಶಂಕು, ಗಟ್ಟಿ ದವಡೆ.
ನಂಬರಿಲ್ಲ. ಎಲ್ಲಿ ಬೇಕೋ ಅಲ್ಲಿ ನಿಲ್ಲುತ್ತದೆ,
ಏಳಕ್ಕೂ ಎಂಟಕ್ಕೂ ನಡುವೆ ಎಲ್ಲೋ.
ಅದನ್ನೇ ಕಟ್ಟಿಸಿಕೊಂಡೆ.

ಮೇ ತಿಂಗಳಲ್ಲಿ ಇಪ್ಪತ್ತೆಂಟು ಸೆಕೆಂಡಿಗೆ
ಜೇನಿನ ಎಳೆಯಾಗಿ ಇಳಿದದ್ದು
ಜೂನ್ ಎಂಟಕ್ಕೆ ಮುನಿಸಿಕೊಂಡು ತೊಟ್ಟಿಕ್ಕತೊಡಗಿತು.
ಕಡಲ ಗಾಳಿಗೆ ಪುಡಿಯೂ ಬೆವರುತ್ತದೆ ಇಲ್ಲಿ.
ಮಳೆಯೆ? ಕೂದಲೆಳೆ ಸಡಿಲಿಸು. ಬಿಸಿಲೆ? ಬಿಗಿ ಮಾಡು.
ನೀರು ಮುಟ್ಟಿಸಬೇಡ, ಹಳೆ ಶೇವಿಂಗ್ ಬ್ರಶ್ ಸಾಕು.
ಅಕ್ಕಿ ಹಾಕಿ ಅರೆದರೆ ಶುದ್ಧವಾಗುತ್ತದೆ ಅಂದರು ಯಾರೋ,
ಕುಚ್ಚಲಕ್ಕಿಯೋ ಬೆಳ್ತಿಗೆಯೋ ಅಂತ ಕೇಳಿದೆ,
ಉತ್ತರ ಇಲ್ಲ.
ಜಿಡ್ಡು ಪುಡಿ ಮೂಲೆಯಲ್ಲಿ ಉಳಿದರೆ
ಇವತ್ತಿನ ಲೋಟದಲ್ಲಿ ನಿನ್ನೆಯ ಜಗಳದ ರುಚಿ.

ಆಗಸ್ಟಿನ ಒಂದು ಬೆಳಿಗ್ಗೆ, ಟಕ್.
ಹಿಡಿ ನಿಂತಿತು. ಬೀಜಗಳ ನಡುವೆ ಒಂದು ಕಲ್ಲು,
ಬೀಜದ್ದೇ ಬಣ್ಣ, ಬೀಜದ್ದೇ ಹೊಟ್ಟೆ.
ಅಲ್ಲಿಂದ ರುಚಿ ವಾರೆ: ಒಂದು ಗುಟುಕು ಹುಳಿ,
ಅದೇ ಲೋಟದ ಇನ್ನೊಂದು ಗುಟುಕು ಕಹಿ.

ಬಂದರಿನ ಉಮರಬ್ಬ, ಮಿಕ್ಸಿಯಿಂದ ದೋಣಿಯ ಪಂಪಿನವರೆಗೆ
ತಿರುಗುವುದನ್ನೆಲ್ಲ ಬಲ್ಲವ, ಕನ್ನಡಕ ಹಣೆಗೇರಿಸಿ ನಕ್ಕ:
"ಇದು ಮೆಶಿನ್ ಅಲ್ಲ ಮಾರಾಯ್ರೆ, ದವಡೆ.
ನಿಮ್ಮ ಕೆಲಸ ನನ್ನ ಹತ್ತಿರ ಎಂತಕ್ಕೆ ತಂದದ್ದು?"

ಆ ರಾತ್ರಿ ಹಳೆ ಡಬ್ಬಿ ತೆರೆದೆ.
ನೀಲಿ ಕಾಗದ. ಹೊಸ ಹಲ್ಲು ಕೂರಿಸಿದವರಿಗೆ ಕೊಟ್ಟು
"ಕಚ್ಚಿ ನೋಡಿ" ಅನ್ನುತ್ತಿದ್ದದ್ದು.
ನೀಲಿ ಎಲ್ಲಿ ಅಂಟಿತೋ ಅಲ್ಲಿ ಎತ್ತರ, ಅಲ್ಲೇ ನೋವು.
ಉಕ್ಕಿನ ಹಲ್ಲುಗಳ ನಡುವೆ ಸಿಕ್ಕಿಸಿ ಮೆಲ್ಲ ತಿರುಗಿಸಿದೆ.
ಒಂದೇ ಮಗ್ಗುಲಿಗೆ ನೀಲಿ.
ಚಾಕಲೇಟಿನ ಬೇಗಡೆ ಕತ್ತರಿಸಿ, ಉಗುರಿನ ಚೂರಿನಷ್ಟು,
ಇಳಿದ ಕಡೆಗೆ ಅಡಿಯಿಟ್ಟೆ.
ಮತ್ತೆ ಕಾಗದ. ಈ ಸಲ ಸುತ್ತಲೂ ಬಂತು ಬಣ್ಣ,
ಬಳೆಯ ಹಾಗೆ.

ಮೊದಲ ಲೋಟ ಎದುರುಮನೆಯ ಸೆವ್ರಿನ್ ಬಾಯಿಗೆ.
ಕ್ಯೂರಿಂಗ್ ವರ್ಕ್ಸಿನಲ್ಲಿ ನಲವತ್ತು ಮಳೆಗಾಲ ಬೀಜ ಹೆಕ್ಕಿದವರು,
ಕಪ್ಪು ಒಂದು ಗೆರಸೆಗೆ, ಒಡಕು ಇನ್ನೊಂದಕ್ಕೆ.
ಪಡುಗಾಳಿಗೆ ಹರಡಿದ ಬೀಜ ಉಬ್ಬಿ, ಬಿಳುಚಿ,
ಹೊಂಬಣ್ಣಕ್ಕೆ ತಿರುಗುವುದನ್ನು ಮೂಗಿನಲ್ಲೇ ಹೇಳುತ್ತಿದ್ದವರು.
ಅದರಲ್ಲಿ ಒಂದು ಗುಟುಕು ಕುಡಿದವರಲ್ಲ.
ಅದು ಹಡಗು ಹತ್ತಿತು, ಇವರ ಮನೆಗೆ ಚಿಕೋರಿ ಬಂತು.

ಈಗ ಕಣ್ಣಿಗೆ ಪೊರೆ.
ನನ್ನ ದುಬಾರಿ ಪ್ಯಾಕೆಟನ್ನು ತಟ್ಟೆಗೆ ಸುರಿಸಿದರು,
ಬೆರಳು ಆಡಿಸಿದರು,
ಎರಡು ಕಲ್ಲು, ಒಂದು ಹುಳ ಕೊರೆದ ಬೀಜ
ನನ್ನ ಅಂಗೈಗೆ ಹಾಕಿದರು. ಬೈಯಲಿಲ್ಲ.

ಮತ್ತೆ ಲೋಟ ಎತ್ತಿದರು, ತಳದಲ್ಲಿ ಬೊಟ್ಟಿನಷ್ಟು ಕಾಫಿ.
"ಇದೆಂತ, ಮದ್ದಾ?"
ಆದರೂ ಕೆಳಗಿಡಲಿಲ್ಲ. ಎರಡು ಚಮಚ ಸಕ್ಕರೆ ಕೇಳಿದರು,
ಕೊಟ್ಟೆ. ನಕ್ಕರು,
ನಗುವಾಗ ಮೇಲಿನ ಸೆಟ್ಟು ಜಾರಿತು,
ಎಂಟು ವರ್ಷದ ಹಿಂದೆ ನಾನೇ ಕಟ್ಟಿದ್ದು.
ವಸಡು ಇಳಿದಿದೆ, ಕೆನ್ನೆ ಒಳಸರಿದಿದೆ.
ದಿನಾ ಗೇಟಿನಲ್ಲಿ ಸಿಗುವವರು;
ಕಾಫಿಯ ಹಲ್ಲು ನೋಡುತ್ತ ಕೂತವ ಇದನ್ನು ನೋಡಿರಲಿಲ್ಲ.

ಡಬ್ಬಿಯಲ್ಲಿ ಇನ್ನೂ ಮೂರು ಚೀಟಿ ಉಳಿದಿದ್ದವು.
"ಬಾಯಿ," ಅಂದೆ, "ಸ್ವಲ್ಪ ಕಚ್ಚಿ ನೋಡಿ."